ಸದ್ದು ಮಾಡದ ಕಾಯಿ

ಕುಲುಕಿದ ಕಾಯಿ ಗಡಗಡ ಅಂತು, ಇದು ಆಗಿದೆ, ನೀರೆಲ್ಲ ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳಾಡುತ್ತಿದೆ, ಪಕ್ಕಕ್ಕಿಡು, ಇನ್ನೊಂದು — ಕುಳುಕುಳು, ನೀರಿದೆ, ವಾಪಸ್ ಹಾಕು — ಅಟ್ಟದ ಮೇಲೆ ಬಗ್ಗಿ ಕೂತ ತೀರ್ಥೇಶನ ಕುತ್ತಿಗೆಗೆ ಹೆಂಚಿನ ಸಂದಿಯ ಬಿಸಿಲು ಚುರ್ ಅಂತ ತಾಗುತ್ತಿತ್ತು, ತಾಗಲಿ ಬಿಡು, ಬೆಳಗಿನ ಬಿಸಿಲು ಮೈಗೆ ಬಿದ್ದರೆ ಮನಸ್ಸು ಹಗುರಾಗುತ್ತೆ ಅಂತ ಕಡೂರಿನ ಡಾಕ್ಟರಮ್ಮ ಹೇಳಿರಲಿಲ್ಲವೇ, ಹೇಳಿದ್ದು ಹೆಂಡತಿ ಸ್ಪೂರ್ತಿಗೆ, ಅವನಿಗಲ್ಲ, ಬಸಿರು ಕಳೆದುಕೊಂಡವಳು ಅವಳು, ಹೊತ್ತವಳು ಅವಳು, ಅವನದೇನಿದ್ದರೂ ಜೊತೆಗಿರುವ ಕೆಲಸ, ನೀನು ಧೈರ್ಯ ಹೇಳ್ಬೇಕು ಕಣಪ್ಪಾ ಅಂತ ಅವ್ವ ಕಾಮಾಕ್ಷಮ್ಮ ಆಸ್ಪತ್ರೆ ಮೆಟ್ಟಿಲ ಮೇಲೇ ಹೇಳಿಬಿಟ್ಟಳು, ಹೇಳಿದ, ಬೇಜಾನ್ ಹೇಳಿದ, ಏಳು ಬಿಸಿಲಲ್ಲಿ ಕೂತ್ಕೊ, ಏಳು ಕೆರೆ ಏರಿ ತನಕ ಹೋಗ್ಬರಣ, ತಲೆಗೆ ಎಣ್ಣೆ ಹಚ್ಕೊ, ಕನಕಾಂಬರದ ಸಸಿ ತಂದಿದೀನಿ ನೆಡು, ಬೀರೂರಿನ ಸೂಫಿಯಾ ಹತ್ರ ಹೊಲಿಗೆ ಕಲ್ತ್ಕೊ, ನಾಲ್ಕು ಮಾತಾದ್ರೂ ಆಗುತ್ತೆ; ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿಗೆ ಬೈಕಿನಲ್ಲಿ ಕರೆದೊಯ್ದಿದ್ದು ಮಾತ್ರ ಯಾರೂ ಹೇಳದ, ಅವನೇ ಕಂಡುಹಿಡಿದ ಮದ್ದು, ಅಮೃತಮಹಲ್ ಹೋರಿಯೊಂದು ಕೊಂಬೆತ್ತಿ ಗುರಾಯಿಸಿದಾಗ ಕಿಟಾರನೆ ಕಿರುಚಿ ಆಮೇಲೆ ನಕ್ಕಳಲ್ಲ, ಅಬ್ಬಾ, ಆ ನಗು ಕೇಳಿ ಅವನು ಬೈಕ್ ಸ್ಟ್ಯಾಂಡ್ ಹಾಕುವುದನ್ನೇ ಮರೆತಿದ್ದ. ಈಗ ಪರವಾಗಿಲ್ಲ, ಊಟ ಮಾಡುತ್ತಾಳೆ, ಹಾಡು ಗುನುಗುತ್ತಾಳೆ, ಮೋಟಾರು ರಿಪೇರಿಯ ಅಶ್ಫಾಕ್ ಸಿಕ್ಕಾಗಲೆಲ್ಲ ಅತ್ತಿಗೆ ಹೆಂಗಿದಾರಣ್ಣ ಅಂತಾನೆ, ಪರ್ವಾಗಿಲ್ಲ ಕಣೋ ಅಂತಾನೆ ಇವನು, ಅಲ್ಲಿಗೆ ಮಾತು ಮುಗಿಯಿತು, ಅಣ್ಣ ಹೆಂಗಿದಾನೆ ಅಂತ ಯಾವ ಮಹರಾಯನೂ ಕೇಳಿಲ್ಲ, ಕೇಳಿದ್ದರೆ ತಾನೇ ಏನು ಹೇಳುತ್ತಿದ್ದ, ಮಣ್ಣು. ಇನ್ನೊಂದು ಕಾಯಿ ಕಿವಿಗೆ ಹಿಡಿದು ಕುಲುಕಿದ, ಏನೂ ಇಲ್ಲ, ನೀರಿನ ಸದ್ದೂ ಇಲ್ಲ, ಕೊಬ್ಬರಿಯ ಸದ್ದೂ ಇಲ್ಲ — ಸ್ಪೂರ್ತಿಯ ಹೊಟ್ಟೆಯ ಮೇಲೆ ಆ ಸಣ್ಣ ಯಂತ್ರ ಹಿಡಿದ ಡಾಕ್ಟರಮ್ಮನ ಕೈ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಹಿಂದಿನ ಸಲ ಎದೆಬಡಿತ ಕುದುರೆ ಓಡಿದ ಹಾಗೆ ಕೇಳಿಸಿತ್ತಲ್ಲ ಮೇಡಂ — ಥತ್, ಈ ಕಾಯಿಯನ್ನು ಆಚೆಗಿಡು.

ಎರಡೇ ಎರಡು ಒಳ್ಳೆ ಕಾಯಿ ಸಾಕು, ತಂಗಿಯ ಮಡಿಲಿಗೆ ಕೊಬ್ಬರಿ ಗಿಟುಕು ಮನೆಯದೇ ಆಗಬೇಕು, ಅಂಗಡಿಯದು ಇಟ್ಟರೆ ಅವ್ವನ ಮಾನ ಹೋಗುತ್ತೆ, ಇವತ್ತು ಅಜ್ಜಂಪುರದಲ್ಲಿ ತಂಗಿಯ ಮಗುವಿಗೆ ಕಿವಿ ಚುಚ್ಚುವುದು, ಅಣ್ಣಾ ನೀನೇ ಸೋದರಮಾವ, ನಿನ್ ತೊಡೆ ಮೇಲೇ ಕೂರಿಸ್ಬೇಕು, ಹೋದ್ಸಲ ತೊಟ್ಟಿಲಿಗೂ ಬರ್ಲಿಲ್ಲ, ಈ ಸಲ ನೆಪ ಹೇಳಿದ್ರೆ ನಾನು ಆ ಮನೆ ಹೊಸಿಲು ತುಳಿಯಲ್ಲ ನೋಡು ಅಂತ ಫೋನಿನಲ್ಲೇ ಅತ್ತಳು, ಅವಳ ತಪ್ಪೇನಿದೆ, ಅವಳೂ ಸ್ಪೂರ್ತಿಯೂ ಒಟ್ಟಿಗೇ ಬಸುರಿ, ಇಬ್ಬರಿಗೂ ಹುಣಸೆಕಾಯಿ ತಂದು ಕೊಟ್ಟವನು ಇವನೇ, ಇದೇ ಅಟ್ಟಕ್ಕೆ ಇದೇ ಕಾಯಿ ಏರಿಸುವಾಗ ಏಣಿಯ ಬುಡದಲ್ಲಿ ನಿಂತಿದ್ದ ಸ್ಪೂರ್ತಿಗೆ ಹೇಳಿದ್ದ, ಈ ಕಾಯಿ ಕೊಬ್ಬರಿಯಾಗಿ ಇಳಿಯೋ ಹೊತ್ಗೆ ನಮ್ದು ಬೋರಲು ಬೀಳ್ತಿರುತ್ತೆ ಕಣೇ ಅಂತ — ಬಾಯಿ ಸುಮ್ಮನಿರಬಾರದಾಗಿತ್ತೇ. ತಂಗಿಯದು ಬೋರಲು ಬೀಳುತ್ತಿದೆ, ವಿಡಿಯೋ ಕಳಿಸಿದ್ದಳು, ನೋಡಲಿಲ್ಲ, ನೋಡಿದೆ ಅಂತ ಸುಳ್ಳು ಹೇಳಿದ. ಕೂರಿಸಿಕೊಂಡರೆ ಅದು ಬೆಚ್ಚಗಿರುತ್ತೆ, ಅಷ್ಟೇ ಅವನ ಭಯ, ಬೆಚ್ಚಗಿರುತ್ತೆ, ಬೆರಳು ಹಿಡಿಯುತ್ತೆ, ಆಮೇಲೆ ಚೀರುತ್ತೆ. ಸಿಕ್ತೇನ್ರೀ, ಹೊತ್ತಾಯ್ತು ಅಂತ ಕೆಳಗಿನಿಂದ ಸ್ಪೂರ್ತಿ ಕೂಗಿದಳು, ಸಿಕ್ತು ತಗೋ ಅಂತ ಎರಡು ಕಾಯಿ ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಉರುಳಿಸಿದ, ಆಚೆಗಿಟ್ಟ ಆ ಸದ್ದು ಮಾಡದ ಕಾಯಿ ಯಾಕೋ ಮತ್ತೆ ಅವನ ಕೈಗೇ ಬಂದಿತ್ತು.

ಕೆಳಗೆ ಸ್ಪೂರ್ತಿ ಸುಲಿದಳು, ಕತ್ತಿಯ ಬೆನ್ನಿನಲ್ಲಿ ಕುಟ್ಟಿದಳು, ಚಟಾರ್, ಆಮೇಲೆ ಅಯ್ಯೋ ರೀ, ನೀರು, ಸೀರೆಯೆಲ್ಲ ನೆಂದೋಯ್ತು, ನೀರಿರೋದ್ನ ಕೊಟ್ಟಿದೀರಲ್ರೀ! ಏನಪ್ಪಾ, ಚಡ್ಡಿ ಹಾಕೋ ಕಾಲದಿಂದ ಕಾಯಿ ಕುಲುಕ್ತಿರೋನು, ಒಂದ್ಸಲನೂ ತಪ್ಪಿದೋನಲ್ಲ ಅಂತ ಅವ್ವನೂ ಸೇರಿಸಿದಳು, ಅವನಿಗೇ ನಾಚಿಕೆಯಾಯಿತು, ಕಿವಿಗೇನು ಮಂಕು ಕವಿದಿತ್ತು. ಏಣಿ ಕಿರುಗುಟ್ಟಿತು, ಸ್ಪೂರ್ತಿಯ ತಲೆ, ಒದ್ದೆ ಸೆರಗು, ಬಂದವಳು ಬೈಯಲಿಲ್ಲ, ಅವನನ್ನೇ ನೋಡಿದಳು, ಆಮೇಲೆ ಏಳಿ, ಕೆಳಗಿಳಿದು ಒಂಚೂರು ಬಿಸಿಲಲ್ಲಿ ಕೂತ್ಕೊಳಿ ಅಂದಳು — ಅವನದೇ ಮಾತು, ಅವನದೇ ರಾಗ, ಇಷ್ಟು ದಿನ ಇವಳಿಗೆ ತಾನು ಹೇಳಿದ್ದು ಹೀಗೆ ಕೇಳಿಸುತ್ತಿತ್ತೇ. ಮಗೂನ ಕೂರಿಸ್ಕೊಳಕ್ಕೆ ಆಗಲ್ಲ ಅಂದ್ರೆ ಹೇಳ್ಬಿಡಿ, ನಿಮ್ ತಂಗಿಗೆ ನಾನು ಹೇಳ್ತೀನಿ. ಆಗಲ್ಲ ಅಂತಲ್ಲ ಕಣೇ, ಅದು ಅತ್ರೆ ನಾನೂ ಅತ್ಬಿಡ್ತೀನಿ. ಅಳಿ, ಚುಚ್ಚೋವಾಗ ಎಲ್ರೂ ಅದರ ಮುಖಾನೇ ನೋಡ್ತಿರ್ತಾರೆ, ನಿಮ್ಮನ್ ಯಾರು ನೋಡ್ತಾರೆ ಅಂದಳು, ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು, ತಡೆಯಲಿಲ್ಲ, ಹೋಗೋಣ ನಡಿ ಅಂದ, ಕೂರಿಸ್ಕೊತೀನಿ. ಅವನ ಕೈಯಲ್ಲಿದ್ದ ಕಾಯಿಯನ್ನು ಅವಳು ತಗೊಂಡಳು, ಇದು ಆಗಿದೆಯಾ ಅಂತ ತನ್ನ ಕಿವಿಗೆ ಹಿಡಿದಳು, ಕುಲುಕಿದಳು, ಕಣ್ಣು ಮುಚ್ಚಿ ಇನ್ನೊಮ್ಮೆ ಕುಲುಕಿದಳು, ಆವತ್ತು ಅವನು ಡಾಕ್ಟರಮ್ಮನ ಕೈಯನ್ನೇ ನೋಡುತ್ತಿದ್ದ, ಎಡಕ್ಕೆ, ಬಲಕ್ಕೆ, ಇವಳ ಮುಖ ನೋಡಿರಲಿಲ್ಲ, ಈಗ ನೋಡಿದ, ಕಿವಿಗೊತ್ತಿದ ಕಾಯಿ, ಮುಚ್ಚಿದ ಕಣ್ಣು, ಸದ್ದಿಗಾಗಿ ಕಾಯುತ್ತಿರುವ ಆ ಮುಖ.