ನಾಗಕ್ಕನಿಗೆ ಹೂಂಗುಟ್ಟಿದ್ದು

ನನ್ನ ಹಾಳೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಇಪ್ಪತ್ತೆರಡಕ್ಕೂ ನಾಗಕ್ಕ ಒಂದೇ ಉತ್ತರ ಕೊಟ್ಟಳು.

"ಚೆನ್ನಾಗೈತ್ರಿ."

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆ. ಗಿರಣಿ ಕೆಲಸಗಾರರ ದಿನಗಳು ಹೇಗೆ ಬದಲಾಗುತ್ತಿವೆ ಎಂದು ತಿಳಿದು ಬರಲು ಕಾಲೇಜಿನವರು ನನ್ನನ್ನು ಕಳಿಸಿದ್ದರು. ದಿನವೂ ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಬಂದು, ನೂಲಿನ ಲಡಿ ಸುತ್ತುವ ಹೆಂಗಸರ ನಡುವೆ ಕೂರುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಅವರನ್ನು ಹಳೆಯ ಕತ್ತಲೆ ಕೋಣೆಯಿಂದ ದೊಡ್ಡ ಕಿಟಕಿಗಳ ಹೊಸ ಶೆಡ್ಡಿಗೆ ತಂದಿದ್ದರು. ಬಿಸಿಲು ಏರಿದಂತೆ ನಾಗಕ್ಕನ ನೂಲು ಮತ್ತೆ ಮತ್ತೆ ತುಂಡಾಗತೊಡಗಿತ್ತು. ಅದಕ್ಕೆ ಆಫೀಸಿನಿಂದ ಎರಡು ಮೆಮೊ ಬಂದಿದ್ದವು. ಮೂರನೆಯದು ಬಂದರೆ ಕೆಲಸ ಹೋದಂತೆಯೇ.

"ಎರಡು ಮೆಮೊ ಬಂದ್ರೂ ಚೆನ್ನಾಗೈತೆ ಅಂತೀರಲ್ಲ ನಾಗಕ್ಕ?"

ಪಕ್ಕದ ನಸೀಮಾ ನಕ್ಕಳು. "ನಿಮ್ಮನ್ನ ಆಫೀಸ್ ಕಡೇರು ಅಂದ್ಕಂಡಾಳ್ರಿ. ನಿಮ್ ಕೈಯಾಗಿನ ಪೆನ್ಸಿಲ್ ಕಂಡ್ರೆ ಆಕಿಗೆ ಹಲ್ಲು ಕಚ್ಕಂತಾವೆ."

"ನಿನ್ ಲಡಿ ನೀನು ನೋಡ್ಕಳೇ" ಎಂದಳು ನಾಗಕ್ಕ.

ನನಗೆ ಅಜ್ಜಿ ನೆನಪಾದಳು. ಹೊಳೆದಂಡೆಯ ಮನೆಯಲ್ಲಿ ಅವಳು ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರಿ ಏಳನೆಯ ಕಡಲಿನ ನಡುವೆಯೇ ಉಳಿಯುತ್ತಿದ್ದಳು. ನಡುವೆ ಪ್ರಶ್ನೆ ಕೇಳಿದರಂತೂ ಅಜ್ಜಿಗೆ ಸಿಟ್ಟು.

ಹಾಳೆ ಮಡಿಸಿ ಚೀಲಕ್ಕೆ ಹಾಕಿದೆ. "ಬೆಳಿಗ್ಗೆಯಿಂದ ಸಂಜೀತನಕ ಏನೇನಾಗ್ತೈತೆ, ಹಂಗೇ ಹೇಳ್ರಿ."

"ಏನ್ ಹೇಳೋದವ್ವ. ಬರ್ತೀನಿ, ನೂಲು ಹಚ್ತೀನಿ."

"ಹೂಂ."

"ಬೆಳಿಗ್ಗೆ ನೂಲು ಹೇಳ್ದಂಗೆ ಕೇಳ್ತೈತೆ."

"ಹೂಂ."

"ಉಂಡು ಬಂದ್ಮ್ಯಾಲೆ ಬಿಸ್ಲು ಈ ಕಿಟಕೀಗೆ ಬರ್ತೈತಲ್ಲ, ಆವಾಗ ಶುರು. ಮುಟ್ಟಿದ್ರೆ ಪಟ್ ಅಂತೈತೆ. ಹಳೇ ರೂಮ್ನಾಗೆ ನೆಲ ತಂಪಿತ್ತು. ಹನ್ನೊಂದು ವರ್ಷ ಒಂದು ಮೆಮೊ ಇಲ್ಲ. ಈಗ ನನ್ ಕೈನೇ ಕೆಟ್ಟೋತೇನೋ ಅಂತ..." ಅಷ್ಟಕ್ಕೇ ನಿಲ್ಲಿಸಿ ಸೆರಗಿನಿಂದ ಬೆರಳು ಒರೆಸಿಕೊಂಡಳು.

ನಾಲ್ಕು ದಿನ ಗಡಿಯಾರ ಮುಂದಿಟ್ಟುಕೊಂಡು ಎಲ್ಲರ ನೂಲನ್ನೂ ನೋಡಿದೆ. ಊಟದವರೆಗೆ ಎಲ್ಲರದೂ ಒಂದೇ ಸಮ. ಎರಡು ಗಂಟೆಯ ಮೇಲೆ ಕಿಟಕಿ ಸಾಲಿನವರದು ಮಾತ್ರ ಮೂರು ಪಟ್ಟು ತುಂಡಾಗುತ್ತಿತ್ತು. ಅವರಲ್ಲಿಯೂ ಬಿಸಿಲಿಗೆ ತೀರಾ ಹತ್ತಿರ ಕೂತವಳು ನಾಗಕ್ಕ.

ಮ್ಯಾನೇಜರ್ ವಾಮದೇವಪ್ಪನವರು ನನ್ನ ಪಟ್ಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಇವ್ರ ಕಣ್ಣಿಗೆ ಬೆಳಕು ಬೇಕು ಅಂತ ನಾನೇ ಹಟ ಹಿಡ್ದು ಇಡಿಸಿದ ಕಿಟಕಿ ಕಣಮ್ಮ ಅವು" ಎಂದರು.

ಮರುದಿನ ಕಿಟಕಿಗಳಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟರು. ಶೆಡ್ಡಿನಲ್ಲಿ ಮಣ್ಣಿನ ಗಡಿಗೆಯ ತಂಪು ಬಂತು. ಮಧ್ಯಾಹ್ನವೂ ನೂಲು ಬೆಳಗಿನಂತೆಯೇ ನಿಂತಿತು; ವಾರ ಕಳೆಯುವುದರೊಳಗೆ ಎರಡೂ ಮೆಮೊ ರದ್ದಾದವು.

ಕಾಲೇಜಿಗೆ ಕೊಡುವ ವರದಿಯನ್ನು ಮೊದಲು ನಾಗಕ್ಕನಿಗೇ ಓದಿದೆ.

"ಮಧ್ಯಾಹ್ನದ ಬಿಸಿಲಿಗೆ ಗಾಳಿ ಒಣಗಿ ನೂಲು ತುಂಡಾಗುತ್ತಿತ್ತು."

"ಹೂಂ" ಎಂದಳು, ಲಡಿಯಿಂದ ಕಣ್ಣು ತೆಗೆಯದೆ.

"ಕೆಲಸಗಾರ್ತಿಯ ಕೈಯಲ್ಲಿ ಯಾವ ದೋಷವೂ ಇರಲಿಲ್ಲ."

ಹೂಂ ಬರಲಿಲ್ಲ. ನಾನೂ ನಿಲ್ಲಿಸಿದೆ.

"ಅದೊಂದನ್ನ ಇನ್ನೊಂದ್ ಸಲ ಓದವ್ವ" ಎಂದಳು ನಾಗಕ್ಕ.