ಅಪ್ಪ ಅಪ್ಪಣೆ ಕೇಳಿದ ಗುಡ್ಡ

ನಮ್ಮ ಬೀದಿಯಲ್ಲಿ ಶನಿವಾರ ಯಾರ ಮನೆಗೆ ಬೇಕಾದರೂ ಹೋಗಿ ನೋಡಿ. ಒಬ್ಬರಾದರೂ ಊದಿದ ಕಾಲನ್ನು ಮೇಲಿಟ್ಟುಕೊಂಡು ಕೂತಿರುತ್ತಾರೆ. ಟಿವಿ ಓಡುತ್ತಿರುತ್ತದೆ, ಯಾರೂ ನೋಡುತ್ತಿರುವುದಿಲ್ಲ. ಆಕ್ಲೆಂಡಿನ ದಕ್ಷಿಣದ ತುದಿಯ ಈ ಬಡಾವಣೆಯಲ್ಲಿ ನಾವು ಸಮೋವಾದವರೇ ಹೆಚ್ಚು. ಈ ಶಹರದ ಗೋದಾಮು ತುಂಬುವವರು ನಾವು, ಆಸ್ಪತ್ರೆಯ ನೆಲ ಒರೆಸುವವರು ನಾವು, ವಿಮಾನದಿಂದ ಪೆಟ್ಟಿಗೆ ಇಳಿಸುವವರು ನಾವು. ವಾರ ಮುಗಿಯುವ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮನೆಯಿಂದ ಹೊರಗೆ ಬಂದರೆ ಮೂಲೆಗೊಂದು ಕೋಳಿ ಕರಿಯುವ ಅಂಗಡಿ, ಇನ್ನೊಂದು ಮೂಲೆಗೆ ಹೆಂಡದಂಗಡಿ. ಕಾಲು ಊದದೆ ಇನ್ನೇನಾಗುತ್ತದೆ?

ನಮ್ಮ ಮನೆಯಲ್ಲಿ ಕಾಲು ಊದಿದ್ದು ಅಪ್ಪನಿಗೆ. ಅಪ್ಪನ ಹೆಸರು ಅಪೆಲು, ವಯಸ್ಸು ಐವತ್ತಮೂರು. ಮಾಂಸ ಇಡುವ ಶೀತಲ ಗೋದಾಮಿನಲ್ಲಿ ಕೆಲಸ. ಬೆಳಗಿನ ಐದಕ್ಕೆ ಹೋದರೆ ಮಧ್ಯಾಹ್ನದವರೆಗೂ ನಿಂತೇ ಇರಬೇಕು. ಊರಲ್ಲಿ ಅವನು ಮನೆತನದ ಪರವಾಗಿ ಮಾತಾಡುವ ಯಜಮಾನ. ಮದುವೆಯಿರಲಿ, ಸಾವಿರಲಿ, ನೂರು ಜನರ ಮುಂದೆ ಕೋಲು ಹಿಡಿದು ನಿಂತು ಮಾತಾಡಿದವನು. ಇಲ್ಲಿ ಗೋದಾಮಿನಲ್ಲಿ ಅವನ ಹೆಸರನ್ನು ಸರಿಯಾಗಿ ಕರೆಯುವವರೂ ಇಲ್ಲ.

ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದ ಅವನಿಗೆ ಫೆಬ್ರವರಿಯಲ್ಲಿ ರಕ್ತ ಪರೀಕ್ಷೆಯಾಯಿತು. ಮೂರು ತಿಂಗಳ ಸಕ್ಕರೆಯ ಅಳತೆ ನಮ್ಮ ಕ್ಲಿನಿಕ್ಕಿನ ಲೆಕ್ಕದಲ್ಲಿ ಐವತ್ತರ ಆಸುಪಾಸು ಇರಬೇಕು. ಅಪ್ಪನದು ಎಂಬತ್ತನಾಲ್ಕು ಇತ್ತು. ಮೂತ್ರದಲ್ಲಿ ಪ್ರೋಟೀನು ಸೋರಲು ಶುರುವಾಗಿತ್ತು. ಕಿಡ್ನಿ ಕೈಕೊಡುವ ಮುನ್ನ ಹೀಗೆ ಸೋರುತ್ತದಂತೆ. ಇದರ ಅರ್ಥ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪನ ಅಣ್ಣ, ನಮ್ಮ ಸಾಮು ದೊಡ್ಡಪ್ಪ, ವಾರಕ್ಕೆ ಮೂರು ದಿನ ರಕ್ತ ತೊಳೆಯುವ ಯಂತ್ರಕ್ಕೆ ಮೈ ಕೊಟ್ಟು ಐದು ವರ್ಷ ಬದುಕಿ ಹೋದ. ಅವನನ್ನು ಕಾರಿನಲ್ಲಿ ಕರೆದೊಯ್ದು ಕರೆತಂದವನು ಅಪ್ಪನೇ.

ಪರೀಕ್ಷೆಯ ಚೀಟಿ ಹಿಡಿದು ಮನೆಗೆ ಬಂದವಳು ನೊಫೋ ಅಕ್ಕ. ಅವಳು ಕ್ಲಿನಿಕ್ಕಿನ ನರ್ಸು, ನಮ್ಮ ಚರ್ಚಿನವಳು, ದೂರದ ನೆಂಟಳು ಕೂಡ. ಅಮ್ಮ ಚಾಪೆ ಹಾಸಿದಳು, ಚಹಾ ಕೊಟ್ಟಳು. ನೊಫೋ ಅಕ್ಕ ಮೊದಲು ಗುಳಿಗೆಗಳ ಡಬ್ಬಿ ತೆಗೆಸಿ ಎಣಿಸಿದಳು. ಆಮೇಲೆ ದಿನಾ ಅರ್ಧ ಗಂಟೆ ನಡೆಯಬೇಕು ಅಂದಳು.

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ. "ದಿನಾ ಎಂಟು ಗಂಟೆ ನಿಂತೇ ಇರ್ತೀನಿ ಮಗಳೇ. ಇನ್ನೂ ನಡಿ ಅಂತೀಯ. ನಿನ್ನ ಕಣ್ಣಿಗೆ ನಾನು ಕುದುರೆ ಥರ ಕಾಣ್ತೀನಾ?"

"ಕುದುರೆ ಆಗಿದ್ರೆ ನಿಮಗೆ ಸಕ್ಕರೆ ಬರ್ತಿರ್ಲಿಲ್ಲ ಮಾವ" ಅಂದಳು ನೊಫೋ ಅಕ್ಕ.

ನಿಂತಲ್ಲೇ ನಿಂತು ಭಾರ ಎತ್ತುವುದು ಬೇರೆ, ಬಿಡದೆ ಕೈ ಬೀಸಿಕೊಂಡು ನಡೆಯುವುದು ಬೇರೆ ಎಂದು ಅವಳು ತಿಳಿಸಿ ಹೇಳಿದಳು. ನಡೆಯುವಾಗ ತೊಡೆಯ, ಮೀನಖಂಡದ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ಗುಳಿಗೆ ಬಿಡುವ ಹಾಗಿಲ್ಲ, ಆದರೆ ಗುಳಿಗೆಯೊಂದರಿಂದಲೇ ಆಗುವುದೂ ಇಲ್ಲ. ಮೊದಲ ವಾರ ಹತ್ತು ನಿಮಿಷ ಸಾಕು. ಈಗಿನ ಸ್ಥಿತಿ ಇನ್ನೂ ಕೈಮೀರಿಲ್ಲ. ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ.

ನನಗೆ ರೇಗಿತು. ಎಲ್ಲಿ ನಡೆಯಬೇಕು ಎಂದು ಕೇಳಿದೆ. ನಮ್ಮ ಬೀದಿಯಲ್ಲಿ ಅರ್ಧ ಜಾಗ ಲಾರಿಗಳದು, ಉಳಿದರ್ಧ ಕಟ್ಟಿ ಹಾಕದ ನಾಯಿಗಳದು. ನನ್ನಂಥವನು ಟೋಪಿ ಹಾಕಿಕೊಂಡು ಸುಮ್ಮನೆ ನಡೆದರೆ ಪಕ್ಕದಲ್ಲಿ ಕಾರು ನಿಧಾನವಾಗುತ್ತದೆ, ಒಳಗಿನಿಂದ ಯಾರೋ ಮುಖ ನೋಡುತ್ತಾರೆ. ಹದಿನೈದಕ್ಕೆ ಶಾಲೆ ಬಿಟ್ಟಾಗಿನಿಂದ ಇದನ್ನು ನೋಡುತ್ತಲೇ ಇದ್ದೇನೆ. ನಡೆಯುವುದು ಅಂದರೆ ನಾಯಿ ಸಾಕಿದವರ ಶೋಕಿ ಅಂದೆ. ಗುಳಿಗೆ ಹೆಚ್ಚು ಮಾಡಿ, ಉಪದೇಶ ಬೇಡ ಅಂದೆ.

ನೊಫೋ ಅಕ್ಕ ಬೈಯಲಿಲ್ಲ. ಅವಳಿಗೂ ಸುಸ್ತಾಗಿತ್ತು, ಅವತ್ತು ಅವಳ ಒಂಬತ್ತನೇ ಮನೆ ನಮ್ಮದು. "ಬೀದೀಲಿ ಬೇಡ ಲೆವಿ. ಪೂರಿರಿ ಗುಡ್ಡದ ಪಾರ್ಕ್ ಇದೆಯಲ್ಲ. ಕಾರಲ್ಲಿ ಎಂಟು ನಿಮಿಷ."

ಅಪ್ಪ ಕಣ್ಣು ಬಿಟ್ಟ. "ಅದು ಪಾಲಗಿಯ ಹೊಲ ಅಲ್ವಾ?" ಪಾಲಗಿ ಅಂದರೆ ನಮ್ಮ ಮಾತಿನಲ್ಲಿ ಬಿಳಿಯ.

"ಯಾರಂದ್ರು ಮಾವ?"

"ಯಾರೂ ಅನ್ಲಿಲ್ಲ. ಗೇಟು ಹಾಕಿತ್ತು. ಒಳಗೆ ಹಸು ಇದ್ವು."

ಆಗ ಅಮ್ಮ ಹಳೆಯ ಕಥೆ ಹೇಳಿದಳು. ಹದಿಮೂರು ವರ್ಷದ ಹಿಂದೆ, ನನಗೆ ಏಳು. ಈ ಬಡಾವಣೆಗೆ ಬಂದ ಹೊಸತು. ಯಾರೋ ಗುಡ್ಡದಲ್ಲಿ ಚೆನ್ನಾಗಿದೆ ಅಂದಿದ್ದರಂತೆ. ಭಾನುವಾರ ಚರ್ಚು ಮುಗಿಸಿ ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನಹಾಲಲ್ಲಿ ಬೇಯಿಸಿದ ಎಲೆ, ಕೋಳಿ ಎಲ್ಲ ಕಟ್ಟಿಕೊಂಡು ಹೋದೆವು. ಗೇಟು ಹಾಕಿತ್ತು. ನಮ್ಮ ಊರಲ್ಲಿ ಪ್ರತಿ ನೆಲಕ್ಕೂ ಒಂದು ಮನೆತನ ಇರುತ್ತದೆ, ಅವರನ್ನು ಕೇಳದೆ ಕಾಲಿಡುವ ಹಾಗಿಲ್ಲ. ಆದ್ದರಿಂದ ಅಪ್ಪ ಕಾರು ನಿಲ್ಲಿಸಿ ಹೊಲದ ಯಜಮಾನ ಬರಲಿ ಎಂದು ಕಾದ. ಅರ್ಧ ಗಂಟೆಯ ಮೇಲೆ ಸೈಕಲ್ಲಿನ ಪಾಲಗಿ ಒಬ್ಬ ಬಂದು, ಚಿಲಕ ತೆಗೆದು ಒಳಗೆ ಹೋಗಿ ಮತ್ತೆ ಹಾಕಿಕೊಂಡ. ಅಪ್ಪ ಇಳಿದು ಹೋಗಿ ಮಾತಾಡಿಸುವಷ್ಟರಲ್ಲಿ ಅವನು ಮರೆಯಾಗಿದ್ದ. ಹೊಲದವರಿಗೆ ನಾವು ಬರುವುದು ಇಷ್ಟವಿಲ್ಲ ಎಂದುಕೊಂಡು ಅಪ್ಪ ತಿರುಗಿ ಬಂದ. ಕಾರಿನಲ್ಲೇ ಕೂತು ಉಂಡು ಮನೆಗೆ ವಾಪಸಾದೆವು.

ನೊಫೋ ಅಕ್ಕ ನಗಲಿಲ್ಲ, ಅದಕ್ಕೆ ಅವಳಿಗೆ ನಾನು ಋಣಿ. ಪಾರ್ಕಿನಲ್ಲಿ ಹುಲ್ಲು ಮೇಯಲೆಂದು ಹಸು, ಕುರಿ ಬಿಟ್ಟಿರುತ್ತಾರೆ. ಅವು ರಸ್ತೆಗೆ ಬರಬಾರದೆಂದು ಗೇಟು ಹಾಕಿರುತ್ತಾರೆ. ಬೀಗ ಇಲ್ಲ, ಚಿಲಕ ಅಷ್ಟೆ. ತೆಗೆದು ಒಳಗೆ ಹೋಗಿ ಹಿಂದಿನಿಂದ ಹಾಕಿಕೊಂಡರೆ ಮುಗಿಯಿತು. ಟಿಕೆಟ್ಟಿಲ್ಲ, ಕೇಳುವವರಿಲ್ಲ.

ನನಗೆ ಮೈ ಉರಿಯಿತು. ಗೇಟಿನ ಪಕ್ಕದ ಹಲಗೆಯಲ್ಲಿ ನಾಯಿ ಏನು ಮಾಡಬಾರದು, ಬೆಂಕಿ ಎಲ್ಲಿ ಹಚ್ಚಬಾರದು ಎಂದು ಇಪ್ಪತ್ತು ಸಾಲು ಬರೆದಿದ್ದಾರೆ. 'ಒಳಗೆ ಬನ್ನಿ' ಎಂಬ ಒಂದು ಮಾತು ನಮ್ಮ ಭಾಷೆಯಲ್ಲಿ ಬರೆಯಲು ಯಾರಿಗೂ ಕೈ ಬರಲಿಲ್ಲ. ದೊಡ್ಡಪ್ಪನ ಮನೆ ಆ ಗುಡ್ಡಕ್ಕೆ ಇನ್ನೂ ಹತ್ತಿರವಿತ್ತು. ಅವನು ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿ ಸತ್ತ. ನಾನು ಇದನ್ನೆಲ್ಲ ಕೂಗಿ ಹೇಳಿದೆ. ಅಮ್ಮ ಸುಮ್ಮನಿರು ಅಂದಳು.

ಅಪ್ಪನ ತಲೆ ಮಾತ್ರ ಇನ್ನೂ ಆ ಒಂದು ಮಾತಿನಲ್ಲೇ ಇತ್ತು. "ಕೇಳೋರಿಲ್ಲ ಅಂದ್ರೆ? ನೆಲ ಅಂದ್ಮೇಲೆ ಯಾರದೋ ಆಗಿರ್ಲೇಬೇಕು. ಕೇಳದೆ ನುಗ್ಗೋಕೆ ನಾನೇನು ಹಂದಿನಾ?"

ಎಲ್ಲರದೂ ಹೌದು ಎಂದು ನೊಫೋ ಅಕ್ಕ ಎರಡು ಸಲ ಹೇಳಿದಳು. ಅಪ್ಪನ ತಲೆಗೆ ಹೋಗಲಿಲ್ಲ. ಅವಳು ವಾದ ಬಿಟ್ಟು ಫೋನು ತೆಗೆದಳು. ಪಾರ್ಕು ನೋಡಿಕೊಳ್ಳುವ ರೇಂಜರ್ ಜೊತೆ ಮಾತಾಡಿ, ಶನಿವಾರ ಬೆಳಿಗ್ಗೆ ಏಳಕ್ಕೆ ಎಂದು ಗೊತ್ತುಮಾಡಿದಳು.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಚರ್ಚಿಗೆ ಉಡುವ ಕಪ್ಪು ಪಂಚೆ ಉಟ್ಟ. ಕಾಲಿಗೆ ರಬ್ಬರ್ ಚಪ್ಪಲಿ. ಕಂಕುಳಲ್ಲಿ ದನದ ಮಾಂಸದ ದೊಡ್ಡ ಡಬ್ಬಿ ನಾಲ್ಕು. ನಮ್ಮಲ್ಲಿ ಏನಾದರೂ ಕೇಳಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ನಾಚಿಕೆಯಿಂದ ನಾನು ಕಾರಿನಿಂದ ಇಳಿಯಲೇ ಇಲ್ಲ. ಅಮ್ಮ ಕಿಟಕಿ ಬಡಿದು ಇಳಿಸಿದಳು.

ರೇಂಜರ್ ಹೆಂಗಸು, ಹೆಸರು ಹೂಯಾ. ಮಾವೊರಿ, ಅಂದರೆ ಈ ನೆಲದ ಮೂಲದವಳು. ಅಪ್ಪ ಗೇಟಿನ ಹೊರಗೇ ನಿಂತು ನಮ್ಮ ಭಾಷೆಯಲ್ಲಿ ಮಾತು ಶುರುಮಾಡಿದ. ನೊಫೋ ಅಕ್ಕ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಗುಡ್ಡಕ್ಕೆ ನಮಸ್ಕಾರ, ಗುಡ್ಡದಲ್ಲಿ ಮಲಗಿದ ಹಿರಿಯರಿಗೆ ನಮಸ್ಕಾರ, ಹದಿಮೂರು ವರ್ಷದ ಹಿಂದೆ ಹೆಸರು ಹೇಳದೆ ಹೊರಗೆ ಕಾರಿನಲ್ಲಿ ಕೂತಿದ್ದಕ್ಕೆ ಕ್ಷಮೆ. ಹಿಂದೆ ಇಬ್ಬರು ಸೈಕಲ್ಲಿನವರು ಕಾಯುತ್ತಾ ನಿಂತರು. ಅಪ್ಪ ಅವಸರ ಮಾಡಲಿಲ್ಲ. ಇಷ್ಟು ನೆಟ್ಟಗೆ ನಿಂತ ಅಪ್ಪನನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಕೊನೆಗೆ ಕೇಳಿದ. "ನನ್ನ ರಕ್ತ ಕೆಟ್ಟಿದೆ. ಅಣ್ಣ ಹೋದ ದಾರೀಲಿ ನಾನು ಹೋಗಲ್ಲ. ನಿಮ್ಮ ನೆಲದ ಮೇಲೆ ನಡೀಲಾ?"

ಹೂಯಾ ಮೊದಲು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ನಮಗೆ ತಿಳಿಯುವಂತೆ ಹೇಳಿದಳು. "ಇದು ನಮ್ಮಜ್ಜಂದಿರ ಗುಡ್ಡ. ಅವರ ಕೈಯಿಂದ ಕಿತ್ಕೊಂಡ್ರು, ಈಗ ಎಲ್ಲರಿಗೂ ಅಂತ ಇಟ್ಟಿದಾರೆ. ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ಕೇಳ್ಕೊಂಡು ಬಂದೋರು ನೀವೇ ಮೊದ್ಲು. ಬನ್ನಿ, ನಡೀರಿ. ನಾಳೆಯಿಂದ ಕೇಳೋದು ಬೇಡ."

ಡಬ್ಬಿಗಳಲ್ಲಿ ಎರಡನ್ನು ಇಟ್ಟುಕೊಂಡು ಎರಡನ್ನು ಮರಳಿಸಿದಳು. ಆ ಎರಡನ್ನು ನೊಫೋ ಅಕ್ಕ ಕಿತ್ತುಕೊಂಡಳು. ಕಿಡ್ನಿ ಸೋರುವವನ ಮನೆಯಲ್ಲಿ ಈ ಉಪ್ಪಿನ ಮಾಂಸ ಯಾಕಿದೆ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಹಸುಗಳ ಕಡೆ ನೋಡತೊಡಗಿದಳು.

ಚಪ್ಪಲಿಯಲ್ಲಿ ನಡೆಯಲು ನೊಫೋ ಅಕ್ಕ ಬಿಡಲಿಲ್ಲ. ಸಕ್ಕರೆ ಇರುವವರ ಪಾದಕ್ಕೆ ಸ್ಪರ್ಶ ಕಡಿಮೆ, ಕಲ್ಲು ಚುಚ್ಚಿದರೂ ತಿಳಿಯುವುದಿಲ್ಲ, ಸಣ್ಣ ಗಾಯವೇ ಬೆರಳು ತೆಗೆಸುವವರೆಗೆ ಹೋಗುತ್ತದೆ. ಅಪ್ಪ ನನ್ನ ಕೆಲಸದ ಬೂಟು ಹಾಕಿಕೊಂಡ, ನಾನು ಅವನ ಚಪ್ಪಲಿ. ಕಾಡು ಶುರುವಾಗುವಲ್ಲಿ ಕಾಲು ಉಜ್ಜಿಕೊಳ್ಳುವ ಬ್ರಷ್ಷು, ಔಷಧಿ ನೀರು ಇಟ್ಟಿದ್ದರು. ಹೊರಗಿನ ಮಣ್ಣಿನಿಂದ ದೊಡ್ಡ ಮರಗಳಿಗೆ ರೋಗ ತಗಲುತ್ತದಂತೆ. ಒಳಗೆ ಬರುವಾಗ ಕಾಲು ತೊಳೆಯಬೇಕು ಎಂಬುದನ್ನು ಅಪ್ಪನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹನ್ನೆರಡು ನಿಮಿಷ ನಡೆದ. ಮೊದಲ ಬೆಂಚಿನಲ್ಲಿ ಪಾಲಗಿ ಮುದುಕರಿಬ್ಬರು ಕೂತಿದ್ದರು. ಕೂತವರ ಮುಂದೆ ಹಾಯುವಾಗ ನಾವು ಬಗ್ಗಿ ಕ್ಷಮೆ ಕೇಳುತ್ತೇವೆ. ಅಪ್ಪ ಹಾಗೇ ಬಗ್ಗಿದ. ಪಾಪ, ಅವನಿಗೆ ಬೆನ್ನು ಹಿಡಿದಿದೆ ಎಂದುಕೊಂಡು ಅವರು ಎದ್ದು ಜಾಗ ಕೊಟ್ಟರು. ಅಪ್ಪ ಕೂತ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಾಕು ಅಂದ, ತಿರುಗಿ ಬಂದೆವು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂದರೆ ಸುಳ್ಳು ಹೇಳಿದಂತಾಗುತ್ತದೆ. ಮಾರ್ಚಿನಲ್ಲಿ ವಾರಕ್ಕೆ ನಾಲ್ಕು ದಿನ ಹೋದ. ಏಪ್ರಿಲಿನಲ್ಲಿ ಗೋದಾಮಿನಲ್ಲಿ ಕೆಲಸ ಹೆಚ್ಚಾಯಿತು, ಮಳೆ ಹಿಡಿಯಿತು, ಅಪ್ಪ ಮತ್ತೆ ಕಾಲು ಚಾಚಿ ಕೂತ. ಎರಡು ವಾರ ಏಳಲಿಲ್ಲ. ನಾನು ಬೈದರೆ ಗೋಡೆಯ ಕಡೆ ತಿರುಗುತ್ತಿದ್ದ.

ಕೊನೆಗೆ ಅಮ್ಮ ಬೂಟಿನ ದಾರ ಕಟ್ಟಿಕೊಂಡು ಬಂದು ಅವನ ಮುಂದೆ ನಿಂತಳು. ಅವಳದು ಕಚೇರಿಗಳನ್ನು ಗುಡಿಸುವ ಕೆಲಸ, ಅವಳ ಮಂಡಿಯೂ ನೆಟ್ಟಗಿಲ್ಲ. ದನಿ ಏರಿಸಲಿಲ್ಲ. "ನಾನು ಹೋಗ್ತಿದೀನಿ. ವಾರಕ್ಕೆ ಮೂರು ದಿನ ನಿಮ್ಮನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗೋ ಶಕ್ತಿ ನನಗಿಲ್ಲ. ಈಗಲೇ ಹೇಳಿರ್ತೀನಿ."

ಅಪ್ಪ ಚಾಚಿದ ಕಾಲನ್ನು ಕೆಳಗಿಳಿಸಿದ. ಆಮೇಲೆ ಬೂಟು ಎಲ್ಲಿ ಎಂದು ಕೇಳಿದ. ಅವತ್ತಿನಿಂದ ಮಳೆಯಿದ್ದರೂ ಕೊಡೆ ಹಿಡಿದು ಹೋದರು.

ಮೇ ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಎಪ್ಪತ್ತೊಂದು. ಸೋರುವುದು ಹೆಚ್ಚಾಗಿರಲಿಲ್ಲ. ಇನ್ನೂ ಗೆದ್ದಿಲ್ಲ, ಆದರೆ ಸೋಲುವುದು ನಿಂತಿದೆ ಅಂದಳು ನೊಫೋ ಅಕ್ಕ. ಯಾರೂ ಕುಣಿಯಲಿಲ್ಲ. ಅಪ್ಪ ಮನೆಗೆ ಬಂದು ಮಧ್ಯಾಹ್ನವೇ ಮಲಗಿದ. ಮಲಗುವ ಮುಂಚೆ ನನ್ನನ್ನು ಕರೆದು, ಈ ಶನಿವಾರ ದೊಡ್ಡಮ್ಮನನ್ನೂ ಅವಳ ಮಕ್ಕಳನ್ನೂ ಕಾರಿಗೆ ಹತ್ತಿಸಿಕೊಂಡು ಬಾ ಅಂದ.

ಈಗ ನಾವು ಹದಿನಾಲ್ಕು ಜನ. ಶನಿವಾರ ಬೆಳಿಗ್ಗೆ ಏಳಕ್ಕೆ ಚರ್ಚಿನ ಮುಂದೆ ಸೇರುತ್ತೇವೆ. ಕಾರಿಲ್ಲದವರನ್ನು ಹತ್ತಿಸಿಕೊಳ್ಳುತ್ತೇವೆ. ಬರುವವರು ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ, ನೀರು ತನ್ನಿ. ಸಕ್ಕರೆಗೆ ಸೂಜಿ ತೆಗೆದುಕೊಳ್ಳುವವರು ಮೊದಲು ನರ್ಸನ್ನು ಕೇಳಿ, ಸಕ್ಕರೆ ತೀರ ಇಳಿದರೆ ಬೇಕಾದೀತೆಂದು ಜೇಬಿನಲ್ಲಿ ಒಂದಿಷ್ಟು ಸಿಹಿ ಇಟ್ಟುಕೊಳ್ಳಿ. ಎದೆ ಹಿಡಿದರೆ ನಿಂತುಬಿಡಿ, ನಮ್ಮನ್ನು ಕೂಗಿ. ಮನೆಗೆ ಹೋದ ಮೇಲೆ ಪಾದದ ಅಡಿ ನೋಡಿಕೊಳ್ಳಿ, ಕಾಣದಿದ್ದರೆ ಮಕ್ಕಳಿಗೆ ತೋರಿಸಿ. ಮೊದಲ ದಿನ ಹತ್ತು ನಿಮಿಷ ನಡೆದರೆ ಸಾಕು, ನಿಮ್ಮನ್ನು ಹಿಂದೆ ಬಿಟ್ಟು ಯಾರೂ ಹೋಗುವುದಿಲ್ಲ.

ನೀವು ದಣಿದಿದ್ದೀರಿ. ಗೊತ್ತು. ನಾವೂ ದಣಿದೇ ಇದ್ದೇವೆ. ದಣಿವು ಕಳೆಯಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಈ ಕೆಲಸಗಳಲ್ಲಿ ಇರುವವರೆಗೆ ಅದು ಕಳೆಯುವುದಿಲ್ಲ. ದಣಿದುಕೊಂಡೇ ಬನ್ನಿ.