ಮುಯ್ಯಾಳು

"ನಿಮ್ಮನೆ ಆಳೆಲ್ಲಮ್ಮಿ?" ಬೈರಮ್ಮ ಜಗಲಿ ಹತ್ತದೆ ಬೀದಿಯಲ್ಲೇ ನಿಂತು ಕೂಗಿದಳು.

ಒಳಗೆ ಒಳ್ಳೆಯ ಸೀರೆಯುಟ್ಟು ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ಮಂಗಳಮ್ಮ ಗಂಡನ ಮುಖ ನೋಡಿದಳು. ಶ್ರೀರಂಗಪಟ್ಟಣದ ಹೊಸ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಬಲ್ಲವರನ್ನು ಪರೀಕ್ಷಿಸಿ ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೆ ಇವತ್ತೇ ಕಡೆಯ ದಿನ. ಬೈರಮ್ಮನ ಗದ್ದೆಗೆ ಮುಯ್ಯಾಳಾಗಿ ಹೋಗಬೇಕಾದ್ದೂ ಇವತ್ತೇ. ಮುಯ್ಯಿಗೆ ಕೂಲಿಯ ಮಾತಿಲ್ಲ. ಇವತ್ತು ಈ ಮನೆಯಿಂದ ಒಬ್ಬರು ಅಲ್ಲಿ ನಾಟಿಗೆ ಇಳಿದರೆ ನಾಳೆ ಆ ಹೆಂಗಸರೆಲ್ಲ ಇವರ ಗದ್ದೆಗೆ ಇಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ನೆಡಬೇಕಾದ ಪೈರು ಆಗಲೇ ಬಲಿತಿತ್ತು. ನಾಲೆ ನೀರು ನಾಡಿದ್ದು ನಿಲ್ಲುವುದಿತ್ತು.

"ನೀವು ಓಗ್ಬುಡಿ" ಎಂದಳು ಗಂಡನಿಗೆ.

"ನಾಟಿಗಾ? ನಾನಾ?" ಚಲುವಯ್ಯ ಎದ್ದು ನಿಂತ. "ಎಂಗುಸ್ರ ಸಾಲಲ್ಲಿ ನಿಂತ್ರೆ ಊರ್ನೋರು ಉಗೀತಾರೆ ಕಣೆ."

"ನಿಮ್ಗೆ ಬ್ಯಾರೆ ಕೆಲ್ಸ ಏನೈತೆ?"

ತಾನು ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಯಾರು ಕೇಳಿದರೂ ಅವನು "ಕೆಲ್ಸ ಇಲ್ಲ" ಎನ್ನುತ್ತಿದ್ದ. ಹಾಗೆನ್ನುವುದಕ್ಕೆ ಟೀ ಅಂಗಡಿಯಲ್ಲಿ ಬೆಂಚೂ ಸಿಕ್ಕಿತ್ತು. ಹೆಂಡತಿಯ ಬಗ್ಗೆ ಕೇಳಿದರೆ "ಅವ್ಳೇನ್ ಮಾಡ್ತಾಳೆ, ಮನೇಲವ್ಳೆ" ಎನ್ನುತ್ತಿದ್ದ. ಆ ಮನೆಯಲ್ಲಿರುವವಳು ಡೈರಿಗೆ ಹಾಲು ಹಾಕಿ, ಊರ ಹೆಂಗಸರ ರವಿಕೆ ಹೊಲಿದು ತಂದದ್ದನ್ನೇ ಈ ಪುಣ್ಯಾತ್ಮ ಎರಡು ಹೊತ್ತೂ ಉಣ್ಣುತ್ತಿದ್ದ.

ಬಸ್ಸಿನ ಹಾರನ್ ಕೇಳಿತು. ಮಂಗಳಮ್ಮ ಚೀಲ ಎತ್ತಿಕೊಂಡು, "ಅವ್ರು ಬತ್ತಾರೆ ಕಣಕ್ಕ" ಎಂದು ಬೈರಮ್ಮನಿಗೆ ಹೇಳಿ ಹೊರಟೇಬಿಟ್ಟಳು.

ಚಲುವಯ್ಯ ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದ. ನೇಗಿಲ ಹಿಂದೆ ನಡೆದ ಅಭ್ಯಾಸಕ್ಕೆ ಮುಂದಕ್ಕೆ ನೆಡುತ್ತ ಹೋಗಿ, ನೆಟ್ಟ ಪೈರನ್ನೆಲ್ಲ ತಾನೇ ತುಳಿದ. ಹೆಂಗಸರು ನಕ್ಕು ನಕ್ಕು ಸುಸ್ತಾದರು.

"ಇಂದಿಂದಕ್ಕೆ ಬರ್ಬೇಕು ಕಣ್ಲಾ" ಎಂದಳು ಬೈರಮ್ಮ. ಮಧ್ಯಾಹ್ನದ ಹೊತ್ತಿಗೆ ಅವಳಿಗೂ ನಗು ಉಳಿದಿರಲಿಲ್ಲ. "ನೀನು ಅರ್ಧಾಳು. ನಾಳೆ ನಿಮ್ ಗದ್ದೇಲಿ ನಾವೂ ಅರ್ಧ ದಿನಕ್ಕೇ ಎದ್ಬುಡ್ತೀವಿ."

"ಗಂಡಾಳು ಅಂದ್ರೆ ಎಲ್ಡ್ ಎಣ್ಣಾಳ್ ಲೆಕ್ಕ ಅಲ್ವೇನಕ್ಕ?"

"ಅದು ಗುದ್ಲಿ ಇಡ್ದಾಗ."

ಅವನು ಮತ್ತೆ ಬಗ್ಗಿದ. ಸೊಂಟ ಬಿದ್ದುಹೋಗುತ್ತಿತ್ತು. ಅಷ್ಟರಲ್ಲಿ ಟೀ ಅಂಗಡಿಯ ಬೆಂಚಿನ ಗೆಳೆಯ ರಾಮಚಂದ್ರ ಇನ್ನಿಬ್ಬರೊಂದಿಗೆ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿದ.

"ಲೇ ಚಲುವ, ಕುಪ್ಸ ಒಲ್ಸ್ಕಂಡ್ಯೇನ್ಲಾ?"

ಚಲುವಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಪೈರನ್ನು ನೀರಿಗೆಸೆದು ಬದು ಹತ್ತಿ ಕೂತ. ಸಾಲು ಹಾಗೇ ನಿಂತಿತು.

"ಓಗು, ಓಗು" ಎಂದಳು ಬೈರಮ್ಮ. "ನಾಳಿಕ್ ನಾವೂ ಬರಕ್ಕಿಲ್ಲ."

ಅವನು ಏಳಲೂ ಇಲ್ಲ, ಇಳಿಯಲೂ ಇಲ್ಲ. ಅದೇ ಹೊತ್ತಿಗೆ ಬಸ್ಸಿಳಿದು ನೇರ ಗದ್ದೆಗೇ ಬಂದ ಮಂಗಳಮ್ಮ ಅವನನ್ನು ನೋಡಿದಳು, ಸಾಲಿನ ನಡುವಿನ ಖಾಲಿ ಜಾಗ ನೋಡಿದಳು. ಚೀಲ ಬದುವಿನ ಮೇಲಿಟ್ಟು ಸೀರೆ ಎತ್ತಿ ಸಿಕ್ಕಿಸತೊಡಗಿದಳು.

"ಓದ್ ಕೆಲ್ಸ ಏನಾಯ್ತು?" ಎಂದ.

"ತಕ್ಕಂಡ್ರು. ನಾಳೆಯಿಂದ್ಲೇ ಬಾ ಅಂದ್ರು. ನಾಟಿ ಮುಗ್ಸ್ಕಂಡ್ ಬತ್ತೀನಿ ಅಂದೆ, ನಾಳೆ ಬರ್ದಿದ್ರೆ ಬ್ಯಾರೆಯೋರು ಅವ್ರೆ ಅಂದ್ರು." ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬುಡಿ, ಓಗ್ಲಿ. ಜರುಗಿ, ನಾ ಇಳೀತೀನಿ."

ರಾಮಚಂದ್ರ ಇನ್ನೂ ರಸ್ತೆಯಲ್ಲೇ ಇದ್ದ.

"ಒಳ್ಳೆ ಸೀರೆ ಕಣೆ, ಕೆಸರಾಯ್ತದೆ" ಎಂದು ಚಲುವಯ್ಯ ಎದ್ದ. "ನಾಳೆ ಅದ್ನೇ ಉಟ್ಕಂಡ್ ಕೆಲ್ಸಕ್ ಓಗು."

ಅವನು ಇಳಿದ. ಬೈರಮ್ಮ ತುಸು ಸರಿದು ಜಾಗ ಬಿಟ್ಟಳು. ಸಾಲು ರಸ್ತೆಗೇ ಮುಖ ಮಾಡಿತ್ತು, ಬೇರೆ ಕಡೆ ತಿರುಗುವಂತಿರಲಿಲ್ಲ. ಬದುವಿನ ಮೇಲಿನಿಂದ ಮಂಗಳಮ್ಮ ಪೈರಿನ ಕಟ್ಟೊಂದನ್ನು ಎತ್ತಿ ಅವನ ಮುಂದಕ್ಕೆ ಎಸೆದಳು. ಕೆಸರು ಮುಖಕ್ಕೆ ಹಾರಿತು. ಅವನು ಒರೆಸಿಕೊಳ್ಳದೆ ಕಟ್ಟು ಬಿಚ್ಚಿದ.